ನೆಲದಡಿಯ ರೈಲಿನಲ್ಲಿ ಕಿಟಕಿ ಸೀಟು

ಲಂಡನ್ನಿನ ಅಂಡರ್‌ಗ್ರೌಂಡ್ ರೈಲಿಗೆ ಆ ಹೆಸರು ಅರ್ಧದಷ್ಟೂ ಒಪ್ಪುವುದಿಲ್ಲ. ಸುಮಾರು 400 ಕಿಲೋಮೀಟರ್ ಉದ್ದದ ಈ ಜಾಲದಲ್ಲಿ ಸುರಂಗದೊಳಗೆ ಇರುವುದು ಶೇಕಡ 45ರಷ್ಟು ಮಾತ್ರ. ಉಳಿದ ಹಳಿಗಳೆಲ್ಲ ಬಯಲಿನಲ್ಲೇ ಹಾಯುತ್ತವೆ. ಮನೆಗಳ ಹಿತ್ತಿಲು, ಇಟ್ಟಿಗೆ ಕಮಾನುಗಳ ಸಾಲು, ದನ ಮೇಯುವ ಹುಲ್ಲುಗಾವಲು, ಎರಡು ಕಡೆ ಥೇಮ್ಸ್ ನದಿ, ಎಲ್ಲವೂ ಈ ‘ನೆಲದಡಿ’ಯ ದಾರಿಯಲ್ಲೇ ಸಿಗುತ್ತವೆ. ಆದರೆ ಊರು ನೋಡಲು ಬಂದವರು ಇಳಿಯುವ ನಿಲ್ದಾಣಗಳು ಬಹುತೇಕ ನಗರದ ನಡುಮಧ್ಯದಲ್ಲಿ ಇರುವುದರಿಂದ, ಅವರ ಪಾಲಿಗೆ ಬರುವುದು ಕತ್ತಲಿನ ಆ 45 ಪಾಲು. ಕಿಟಕಿಯಲ್ಲಿ ತಮ್ಮ ಮುಖವೇ ಕಾಣುತ್ತದೆ.

ನೋಟಕ್ಕಾಗಿಯೇ ಒಂದು ಲೈನ್ ಹತ್ತಬೇಕು ಎಂದುಕೊಂಡವರಿಗೆ ನಿಲ್ದಾಣದ ಗೋಡೆಯ ಮೇಲಿನ ಬಣ್ಣಬಣ್ಣದ ನಕ್ಷೆಯೂ ನೆರವಿಗೆ ಬರುವುದಿಲ್ಲ. ಹ್ಯಾರಿ ಬೆಕ್ 1931ರಲ್ಲಿ ರೂಪಿಸಿದ, 1933ರಲ್ಲಿ ಅಚ್ಚಾಗಿ ಹೊರಬಂದ ನಕ್ಷೆಯ ಗುಣವೇ ಅದು. ಎಲ್ಲಿ ಹತ್ತಬೇಕು, ಎಲ್ಲಿ ಬದಲಿಸಬೇಕು ಎಂಬುದಷ್ಟನ್ನು ಉಳಿಸಿಕೊಂಡು ದೂರ, ದಿಕ್ಕು, ಆಳ ಎಲ್ಲವನ್ನೂ ಬೆಕ್ ಕೈಬಿಟ್ಟರು. ಲೆಸ್ಟರ್ ಸ್ಕ್ವೇರ್‌ಗೂ ಕವೆಂಟ್ ಗಾರ್ಡನ್‌ಗೂ ನಡುವೆ ಸುಮಾರು 260 ಮೀಟರ್. ಚಾಲ್ಫಂಟ್ ಅಂಡ್ ಲ್ಯಾಟಿಮರ್‌ನಿಂದ ಚೆಶಮ್‌ಗೆ ಆರು ಕಿಲೋಮೀಟರಿಗೂ ಮಿಕ್ಕಿದ ದಾರಿ. ನಕ್ಷೆಯಲ್ಲಿ ಎರಡೂ ಒಂದೊಂದು ತುಂಡು ಗೆರೆ. ಎಲ್ಲಿ ರೈಲು ಹೊರಗೆ ಬರುತ್ತದೆ ಎಂಬ ಸುಳಿವಂತೂ ಇಲ್ಲವೇ ಇಲ್ಲ.

ಇದಕ್ಕೊಂದು ದಾರಿ ಇದೆ, ಹೆಚ್ಚಿನವರಿಗೆ ತಿಳಿದಿಲ್ಲ ಅಷ್ಟೆ. ಮುಚ್ಚಿದ ಜಾಗದ ಭಯ ಇರುವ ಪ್ರಯಾಣಿಕರಿಗೆಂದು ನಗರದ ಸಾರಿಗೆ ಸಂಸ್ಥೆ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ತನ್ನ ಜಾಲತಾಣದಲ್ಲಿ ಸುರಂಗದ ಭಾಗಗಳನ್ನು ಗುರುತಿಸಿದ ಬೇರೊಂದು ಟ್ಯೂಬ್ (ಅಂಡರ್‌ಗ್ರೌಂಡ್‌ಗೆ ಜನರಿಟ್ಟ ಹೆಸರು) ನಕ್ಷೆ ಇಟ್ಟಿದೆ. ಸುರಂಗ ತಪ್ಪಿಸಬೇಕಾದವರಿಗೂ ನೋಟ ಬೇಕಾದವರಿಗೂ ಬೇಕಿರುವುದು ಒಂದೇ ಮಾಹಿತಿ. ಲೈನ್ ಆರಿಸುವ ಮುನ್ನ ಅದನ್ನು ಇಳಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಉಳಿದ ಅರ್ಧ ಕೆಲಸ ಆ ಹಳಿಯ ಹುಟ್ಟು ವಿಚಾರಿಸುವುದು. ಟ್ಯೂಬ್‌ನಲ್ಲಿ ಮೂರು ಕುಲದ ಹಳಿಗಳಿವೆ. ಯಾವುದು ಯಾವ ಕುಲದ್ದು ಎಂದು ಗೊತ್ತಾದರೆ ಕಿಟಕಿಯಲ್ಲಿ ಏನು ಕಂಡೀತು ಎಂದು ಹತ್ತುವ ಮೊದಲೇ ಹೇಳಬಹುದು.

ಮೊದಲನೆಯದು ಅಗೆದು ಮುಚ್ಚಿದ್ದು. 1863ರ ಜನವರಿ 10ರಂದು ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್ಡನ್‌ವರೆಗೆ ಜನರಿಗೆ ತೆರೆದ ಮೆಟ್ರೊಪಾಲಿಟನ್ ರೈಲು ಈ ಬಗೆಯದು. ರಸ್ತೆಯನ್ನೇ ಅಗೆದು ಕಂದಕ ತೋಡಿ, ತಳದಲ್ಲಿ ಹಳಿ ಹಾಸಿ, ಮೇಲೆ ಇಟ್ಟಿಗೆ ಕಮಾನು ಕಟ್ಟಿ ಮತ್ತೆ ಮಣ್ಣು ಮುಚ್ಚಿದರು. ಎಳೆಯುತ್ತಿದ್ದದ್ದು ಹಬೆ ಎಂಜಿನ್, ಹಾಗಾಗಿ ಹೊಗೆ ಹೊರಹೋಗಲು ಅಲ್ಲಲ್ಲಿ ಕಂದಕದ ಬಾಯಿ ತೆರೆದೇ ಇಡಬೇಕಾಯಿತು. ಸರ್ಕಲ್, ಡಿಸ್ಟ್ರಿಕ್ಟ್ ಲೈನ್‌ಗಳಲ್ಲಿ ಕತ್ತಲೆಯ ನಡುವೆ ತಟ್ಟನೆ ಬಂದು ಹೋಗುವ ಬೆಳಕಿನ ತುಣುಕುಗಳು ಆ ಹೊಗೆಯ ಬಾಯಿಗಳೇ. ಬೇಸ್‌ವಾಟರ್ ಬಳಿ ಇಂಥ ಒಂದು ಬಾಯಿ ಬೀದಿಯ ಅಂದ ಕೆಡಿಸುತ್ತದೆ ಎಂದು ಲೆನ್‌ಸ್ಟರ್ ಗಾರ್ಡನ್ಸ್‌ನಲ್ಲಿ 23 ಮತ್ತು 24ನೇ ನಂಬರಿನ ಮನೆಗಳ ಮುಂಗೋಡೆ ಮಾತ್ರ ಕಟ್ಟಿ ನಿಲ್ಲಿಸಿದ್ದಾರೆ. ಬಾಗಿಲುಂಟು, ಕಂಬಗಳುಂಟು, ಬಣ್ಣ ಬಳಿದ ಹುಸಿ ಕಿಟಕಿಗಳುಂಟು, ಹಿಂದೆ ಮನೆಯಿಲ್ಲ.

ಎರಡನೆಯದು ಆಳದ ಕೊಳವೆ. ಟ್ಯೂಬ್ ಎಂಬ ಹೆಸರು ನಿಜಕ್ಕೂ ಸಲ್ಲಬೇಕಾದದ್ದು ಇದಕ್ಕೆ. 1890ರಲ್ಲಿ ತೆರೆದ ಸಿಟಿ ಅಂಡ್ ಸೌತ್ ಲಂಡನ್ ರೈಲಿನಿಂದ ಇದು ಶುರು. ಲಂಡನ್ನಿನ ಜೇಡಿಮಣ್ಣನ್ನು ಉಕ್ಕಿನ ಕವಚದ ಆಸರೆಯಲ್ಲಿ ಕೊರೆಯುತ್ತ ಹೋಗಿ, ಹಿಂದೆಯೇ ಉಂಗುರ ಜೋಡಿಸುತ್ತ ಬಂದ ಸುಮಾರು ಮೂರೂವರೆ ಮೀಟರ್ ಅಗಲದ ದುಂಡು ಸುರಂಗಗಳಿವು. ರೈಲೂ ಆ ದುಂಡಿಗೆ ತಕ್ಕಂತೆ ಕುಳ್ಳು, ಬಾಗಿಲ ಬಳಿ ಎತ್ತರದವರು ತಲೆ ಬಗ್ಗಿಸಬೇಕು. 1968ರಲ್ಲಿ ಶುರುವಾದ ವಿಕ್ಟೋರಿಯಾ ಲೈನ್ ಪೂರ್ತಿ ಹೀಗೆಯೇ. ಪ್ರಯಾಣಿಕರು ಇರುವಷ್ಟು ಹೊತ್ತು ಅದು ಬಿಸಿಲು ಕಾಣುವುದಿಲ್ಲ, ಹೊರಗೆ ಬರುವುದು ಡಿಪೊಗೆ ಹೋಗುವಾಗ ಮಾತ್ರ. ವಾಟರ್‌ಲೂ ಅಂಡ್ ಸಿಟಿ ಲೈನ್ ಕೂಡ ಪೂರ್ತಿ ನೆಲದಡಿಯದೇ. ಬೇಗ ಊರು ದಾಟಲು ಇವುಗಳಷ್ಟು ಒಳ್ಳೆಯವು ಬೇರೆ ಇಲ್ಲ, ನೋಡಲು ಏನೂ ಇಲ್ಲ.

ಮೂರನೆಯ ಕುಲವೇ ನಮಗೆ ಬೇಕಾದದ್ದು. ಇವು ಹುಟ್ಟಿದಾಗ ನೆಲದಡಿ ರೈಲೇ ಅಲ್ಲ. ಹೊಲಗದ್ದೆಗಳ ನಡುವೆ ಹಬೆ ಎಂಜಿನ್ ಓಡಿಸಲು ಹಾಸಿದ ಮಾಮೂಲು ಹಳಿಗಳು, ಆಮೇಲೆ ಟ್ಯೂಬ್‌ನ ತೆಕ್ಕೆಗೆ ಬಂದವು. ನಾರ್ದರ್ನ್ ಲೈನ್‌ಗೆ ಮಿಲ್ ಹಿಲ್ ಈಸ್ಟ್ ಕವಲು ಸೇರಿದ್ದು 1941ರಲ್ಲಿ, ಸೆಂಟ್ರಲ್ ಲೈನ್ ಎಪ್ಪಿಂಗ್ ತಲುಪಿದ್ದು 1949ರಲ್ಲಿ. ಮೆಟ್ರೊಪಾಲಿಟನ್ ಕಂಪನಿಯಂತೂ ತಾನೇ ಬಕಿಂಗ್‌ಹ್ಯಾಮ್‌ಶೈರ್‌ನ ಗುಡ್ಡಗಳವರೆಗೆ ಹಳಿ ಹಾಸಿ, 1915ರಿಂದ ಆ ಸೀಮೆಗೆ ‘ಮೆಟ್ರೊ-ಲ್ಯಾಂಡ್’ ಎಂದು ಹೆಸರಿಟ್ಟು ಮನೆ ಕೊಳ್ಳಲು ಜನರನ್ನು ಕರೆಯಿತು. ನೋಟಕ್ಕಾಗಿ ಹೊರಟವರು ಇಂಥ ಹಳಿಯನ್ನೇ ಹುಡುಕಬೇಕು.

ಅರ್ಧ ದಿನ ಬಿಡುವಿದ್ದರೆ ಮೆಟ್ರೊಪಾಲಿಟನ್ ಲೈನ್‌ನಲ್ಲಿ ಬೇಕರ್ ಸ್ಟ್ರೀಟ್‌ನಿಂದ ಚೆಶಮ್‌ವರೆಗೆ ಹೋಗುವುದಕ್ಕೆ ಸಾಟಿ ಬೇರೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹತ್ತುವ ಮೊದಲು ಅದೇ ನಿಲ್ದಾಣದ 5 ಮತ್ತು 6ನೇ ಪ್ಲಾಟ್‌ಫಾರ್ಮ್‌ಗೆ ಹೋಗಿ ಐದು ನಿಮಿಷ ನಿಲ್ಲಿ. 1863ರ ಮೂಲ ಪ್ಲಾಟ್‌ಫಾರ್ಮ್‌ಗಳವು, ಈಗ ಸರ್ಕಲ್ ಹಾಗೂ ಹ್ಯಾಮರ್‌ಸ್ಮಿತ್ ಅಂಡ್ ಸಿಟಿ ರೈಲುಗಳು ನಿಲ್ಲುತ್ತವೆ. ಮೇಲಿನಿಂದ ಬೆಳಕು ಇಳಿಯಲೆಂದು ಗೋಡೆಯಲ್ಲಿ ಕೊರೆದ ಓರೆ ಬಾಯಿಗಳು ಇನ್ನೂ ಹಾಗೆಯೇ ಇವೆ. ಅಲ್ಲಿಂದ ಮೆಟ್ರೊಪಾಲಿಟನ್ ಲೈನ್‌ನ ಪ್ಲಾಟ್‌ಫಾರ್ಮ್‌ಗಳಿಗೆ ಬನ್ನಿ.

ಇಲ್ಲಿ ಆಗುವ ಮೊದಲ ತಪ್ಪು, ಬಂದ ರೈಲು ಹತ್ತಿಬಿಡುವುದು. ಈ ದಿಕ್ಕಿನಲ್ಲಿ ಲೈನ್‌ಗೆ ನಾಲ್ಕು ತುದಿಗಳಿವೆ: ಅಕ್ಸ್‌ಬ್ರಿಜ್, ವಾಟ್‌ಫರ್ಡ್, ಆಮರ್‌ಶಮ್, ಚೆಶಮ್. ಅಕ್ಸ್‌ಬ್ರಿಜ್ ರೈಲು ಹ್ಯಾರೋ-ಆನ್-ದ-ಹಿಲ್ ದಾಟಿ ಎಡಕ್ಕೆ ಹೊರಳಿ ಹೆಂಚಿನ ಮನೆಗಳ ಬಡಾವಣೆಗಳಲ್ಲೇ ಸುತ್ತುತ್ತದೆ. ಚೆಶಮ್‌ಗೂ ಆಮರ್‌ಶಮ್‌ಗೂ ದಟ್ಟಣೆ ಇಲ್ಲದ ಹೊತ್ತಿನಲ್ಲಿ ಗಂಟೆಗೆ ಎರಡೆರಡು ರೈಲುಗಳು ಮಾತ್ರ. ಒಂದು ತಪ್ಪಿದರೆ ಅರ್ಧ ಗಂಟೆ ಕಾಯಬೇಕು. ಫಲಕದಲ್ಲಿ ಊರಿನ ಹೆಸರು ಓದಿಯೇ ಹತ್ತಿ. ಆಮರ್‌ಶಮ್ ರೈಲೇ ಮೊದಲು ಬಂದರೆ ಚಾಲ್ಫಂಟ್ ಅಂಡ್ ಲ್ಯಾಟಿಮರ್‌ನಲ್ಲಿ ಇಳಿದು ಹಿಂದೆ ಬರುವ ಚೆಶಮ್ ರೈಲು ಹಿಡಿಯಬಹುದು.

ಇನ್ನು ಸೀಟಿನ ವಿಚಾರ. ಟ್ಯೂಬ್‌ನ ಬಹುತೇಕ ರೈಲುಗಳಲ್ಲಿ ಸೀಟುಗಳು ಕಿಟಕಿಗೆ ಬೆನ್ನು ಮಾಡಿಕೊಂಡು ಉದ್ದಕ್ಕೆ ಇರುತ್ತವೆ. ಮೆಟ್ರೊಪಾಲಿಟನ್ ಲೈನ್‌ನ ಎಂಟು ಬೋಗಿಗಳ ರೈಲಿನಲ್ಲಾದರೆ ಎದುರುಬದುರು ಕೂರುವ ಅಡ್ಡ ಸೀಟುಗಳೂ ಇವೆ, ಹವಾನಿಯಂತ್ರಣವೂ ಇದೆ. ಒಂದು ಬೋಗಿಯಿಂದ ಇನ್ನೊಂದಕ್ಕೆ ಒಳಗೇ ನಡೆದು ಹೋಗಬಹುದಾದ್ದರಿಂದ ಮೊದಲಿಗೆ ಸೀಟು ಸಿಗದಿದ್ದರೂ ಹ್ಯಾರೋ ದಾಟುತ್ತಿದ್ದಂತೆ ಜನ ಕರಗಿ ಜಾಗ ಸಿಗುತ್ತದೆ. ಹೋಗುವ ದಿಕ್ಕಿಗೆ ಮುಖ ಮಾಡಿ ಎಡಗಡೆಯ ಕಿಟಕಿ ಹಿಡಿಯಿರಿ. ವೆಂಬ್ಲಿ ಪಾರ್ಕ್ ಹತ್ತಿರ ಕ್ರೀಡಾಂಗಣದ 133 ಮೀಟರ್ ಎತ್ತರದ ಬಿಲ್ಲು, ಹ್ಯಾರೋದಲ್ಲಿ ಗುಡ್ಡದ ಮೇಲಿನ ಚರ್ಚಿನ ಗೋಪುರ, ಎರಡೂ ಆ ಕಡೆಗೇ.

ಬೇಕರ್ ಸ್ಟ್ರೀಟ್ ಬಿಟ್ಟ ರೈಲು ಫಿಂಚ್‌ಲಿ ರೋಡ್‌ವರೆಗೆ ಎಲ್ಲೂ ನಿಲ್ಲದೆ ಸುರಂಗದಲ್ಲಿ ಓಡುತ್ತದೆ. ನಡುವೆ ಮುಚ್ಚಿಹೋದ ಮೂರು ಹಳೆಯ ನಿಲ್ದಾಣಗಳಿವೆ. ಹೊರಗೆ ಬಂದ ಮೇಲೆ ಮೊದಲ ಇಪ್ಪತ್ತು ನಿಮಿಷ ದೊಡ್ಡದೇನೂ ಇಲ್ಲ. ಡಿಪೊ, ಹಿತ್ತಿಲು, ಮತ್ತೆ ಹಿತ್ತಿಲು. ಇಲ್ಲಿಯೇ ‘ಇಷ್ಟೇನಾ’ ಅನಿಸಿ ಕೆಲವರು ಇಳಿದು ವಾಪಸಾಗುತ್ತಾರೆ. ಮೂರ್ ಪಾರ್ಕ್ ದಾಟುವವರೆಗೆ ತಾಳ್ಮೆ ಬೇಕು. ವಾಟ್‌ಫರ್ಡ್ ಕವಲು ಬಲಕ್ಕೆ ಬೇರೆಯಾಗಿ, ನಮ್ಮ ರೈಲು ಕಾಲುವೆ ಮತ್ತು ನದಿಯನ್ನು ದಾಟಿ ರಿಕ್‌ಮನ್ಸ್‌ವರ್ತ್‌ನ ಬಿಗಿ ತಿರುವಿನಲ್ಲಿ ನಿಧಾನವಾಗುತ್ತದೆ. 1961ರವರೆಗೂ ವಿದ್ಯುತ್ ಎಂಜಿನ್ ಬಿಚ್ಚಿ ಹಬೆ ಎಂಜಿನ್ ಜೋಡಿಸುತ್ತಿದ್ದ ಜಾಗ ಇದು. ಇಲ್ಲಿಂದ ಏರು ಶುರು. ಎಂಜಿನ್ನುಗಳನ್ನು ದಣಿಸುತ್ತಿದ್ದ ಆ ಏರಿನಲ್ಲಿ ಎಂ25 ಹೆದ್ದಾರಿ ದಾಟಿ, ಚೋರ್ಲಿವುಡ್ ಕಳೆದ ಮೇಲೆ ಬೀಚ್ ಮರಗಳ ತೋಪು, ಬೇಲಿ ಹಾಕಿದ ಗದ್ದೆ, ಚಿಲ್ಟರ್ನ್ ಗುಡ್ಡಗಳ ಇಳಿಜಾರು. ಚಾಲ್ಫಂಟ್‌ನಿಂದ ಚೆಶಮ್‌ಗೆ ಒಂಟಿ ಹಳಿ. ಇಡೀ ಜಾಲದಲ್ಲಿ ಎರಡು ನಿಲ್ದಾಣಗಳ ನಡುವಿನ ಅತಿ ಉದ್ದದ ದಾರಿ ಇದೇ. ಟ್ಯೂಬ್ ರೈಲಿನಲ್ಲಿ ಕುಳಿತಿದ್ದೇವೆ ಎಂಬುದು ಮರೆತುಹೋಗುವಷ್ಟು ಹಸಿರು. ಬೇಕರ್ ಸ್ಟ್ರೀಟ್‌ನಿಂದ ಒಟ್ಟು ಒಂದು ತಾಸು ಹಿಡಿಯುತ್ತದೆ.

1889ರ ಚೆಶಮ್ ನಿಲ್ದಾಣಕ್ಕೆ ಈಗ ಬಳಕೆಯಲ್ಲಿರುವುದು ಒಂದೇ ಪ್ಲಾಟ್‌ಫಾರ್ಮ್, ಪಕ್ಕದಲ್ಲಿ ಹಳೆಯ ಸಿಗ್ನಲ್ ಮನೆ ಮತ್ತು ನೀರಿನ ಟ್ಯಾಂಕಿನ ಕಟ್ಟಡ ಉಳಿಸಿಕೊಂಡಿದ್ದಾರೆ. ಕಾಲಿಗೆ ಬಲವಿದ್ದವರು ಇಲ್ಲಿಂದ ಚೆಸ್ ತೊರೆಯ ದಂಡೆಯಲ್ಲಿ ರಿಕ್‌ಮನ್ಸ್‌ವರ್ತ್‌ವರೆಗೆ ಸುಮಾರು 16 ಕಿಲೋಮೀಟರ್ ಕಾಲುದಾರಿ ಹಿಡಿಯಬಹುದು. ನಡೆಯಲಾರದವರು ಆಮರ್‌ಶಮ್‌ಗೆ ಹೋಗಿ, ಅಲ್ಲಿಂದ ಚಿಲ್ಟರ್ನ್ ಕಂಪನಿಯ ರೈಲಿನಲ್ಲಿ ಮ್ಯಾರಿಲಬೋನ್‌ಗೆ ಬೇಗ ವಾಪಸಾಗಬಹುದು. ಹ್ಯಾರೋವರೆಗೆ ಹಳಿ ಅದೇ, ನಿಲ್ದಾಣಗಳು ಕಡಿಮೆ, ಮುಖ್ಯವಾಗಿ ಅದರಲ್ಲಿ ಶೌಚಾಲಯ ಇದೆ. ಟ್ಯೂಬ್ ರೈಲಿನಲ್ಲಿ ಅದಿಲ್ಲ, ಮಕ್ಕಳು ಜೊತೆಗಿದ್ದರೆ ಹತ್ತುವ ಮೊದಲೇ ನೆನಪಿರಲಿ.

ಬೆಳಕಿನ ಲೆಕ್ಕವೂ ಇದೆ. ರೈಲು ಸಾಗುವುದು ವಾಯವ್ಯ ದಿಕ್ಕಿಗೆ. ಬೆಳಿಗ್ಗೆ ಹತ್ತರ ಸುಮಾರಿಗೆ ಹೊರಟರೆ ಸೂರ್ಯ ಬೆನ್ನ ಹಿಂದೆ ಇರುತ್ತಾನೆ, ಎಡಗಡೆಯ ನೋಟ ಚೆನ್ನಾಗಿ ಬೆಳಗುತ್ತದೆ. ಮಧ್ಯಾಹ್ನ ಕಳೆದ ಮೇಲೆ ಅದೇ ಕಿಟಕಿಗೆ ಬಿಸಿಲು ನೇರ ಹೊಡೆದು, ಗಾಜಿನ ಕಲೆಗಳೇ ಎದ್ದು ಕಾಣುತ್ತವೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುವುದರಿಂದ ಊಟ ಮುಗಿಸಿ ಹೊರಡುವುದು ದುಡ್ಡು ದಂಡ. ಆದರೆ ಚಳಿಗಾಲಕ್ಕೆ ಒಂದು ಲಾಭವೂ ಉಂಟು. ಬೇಸಿಗೆಯಲ್ಲಿ ಹಳಿಯ ಪಕ್ಕದ ಗಿಡಮರ ಹಸಿರು ಗೋಡೆಯಂತೆ ಬೆಳೆದು ನಿಂತು ಎಷ್ಟೋ ಕಡೆ ಏನೂ ಕಾಣಗೊಡುವುದಿಲ್ಲ. ಎಲೆ ಉದುರಿದ ಮೇಲೆ ಕಣಿವೆ ತೆರೆದುಕೊಳ್ಳುತ್ತದೆ. ಎಲೆ ಉದುರುವ ಆ ವಾರಗಳಲ್ಲಿ ಮಾತ್ರ ಹುಷಾರು. ಹಳಿಯ ಮೇಲೆ ಬಿದ್ದ ಎಲೆಗಳು ಗಾಲಿಗೆ ಸಿಕ್ಕಿ ಅರೆದು ಜಾರುವ ಲೇಪವಾಗುತ್ತವೆ, ಚಾಲಕರು ಮೊದಲೇ ಬ್ರೇಕ್ ಹಾಕಬೇಕಾಗುತ್ತದೆ, ಲೈನ್‌ಗೆ ಬೇರೆಯದೇ ನಿಧಾನದ ವೇಳಾಪಟ್ಟಿ ಬರುತ್ತದೆ.

ಒಂದೇ ಒಂದು ಗಂಟೆ ಇದ್ದರೆ? ಆಗ ಡಿಸ್ಟ್ರಿಕ್ಟ್ ಲೈನ್. ಟ್ಯೂಬ್ ರೈಲು ಥೇಮ್ಸ್ ನದಿಯನ್ನು ಮೇಲಿನಿಂದ ದಾಟುವ ಎರಡೇ ಜಾಗಗಳೂ ಇದರಲ್ಲೇ ಇವೆ. ವಿಂಬಲ್ಡನ್ ಕವಲಿನಲ್ಲಿ ಪಟ್ನಿ ಬ್ರಿಜ್ ಮತ್ತು ಈಸ್ಟ್ ಪಟ್ನಿ ನಡುವೆ ಒಂದು, ರಿಚ್‌ಮಂಡ್ ಕವಲಿನಲ್ಲಿ ಗನರ್ಸ್‌ಬರಿ ಮತ್ತು ಕ್ಯೂ ಗಾರ್ಡನ್ಸ್ ನಡುವೆ ಇನ್ನೊಂದು. ಎರಡೂ 19ನೇ ಶತಮಾನದ ಕಬ್ಬಿಣದ ಸೇತುವೆಗಳು, ದಾಟಲು ಅರ್ಧ ನಿಮಿಷದ ಆಸುಪಾಸು. ಫೋನ್ ತೆಗೆದು ಕ್ಯಾಮೆರಾ ತೆರೆಯುವಷ್ಟರಲ್ಲಿ ಮುಗಿದಿರುತ್ತದೆ, ನಿಲ್ದಾಣ ಬಿಡುವಾಗಲೇ ಸಿದ್ಧವಾಗಿರಿ. ಈ ರೈಲಿನಲ್ಲಿ ಸೀಟುಗಳೆಲ್ಲ ಉದ್ದಕ್ಕೆ ಇರುವುದರಿಂದ ಲೆಕ್ಕ ತಿರುಗುಮುರುಗು: ಬಲಗಡೆ ನೋಡಬೇಕಿದ್ದರೆ ಎಡಗಡೆ ಕೂರಬೇಕು. ಪಟ್ನಿಯಲ್ಲಿ ದಕ್ಷಿಣಕ್ಕೆ ಹೋಗುವಾಗ ನೋಡಬೇಕಾದದ್ದು ಬಲಗಡೆ, ಹಳೆಯ ರಸ್ತೆ ಸೇತುವೆ ಮತ್ತು ಅದರ ಎರಡೂ ತುದಿಯಲ್ಲಿರುವ ಚರ್ಚುಗಳು ಆ ಕಡೆಗಿವೆ. ಎದುರಿಗೆ ಜನ ನಿಂತಿದ್ದರೆ ಎಲ್ಲ ವ್ಯರ್ಥ. ಬಾಗಿಲ ಗಾಜಿನ ಬಳಿ ನಿಂತುಕೊಳ್ಳುವುದೇ ಇಂಥ ರೈಲಿನಲ್ಲಿ ಜಾಣತನ. ಪಟ್ನಿ ಸೇತುವೆಗೆ ಹಳಿಯ ಪಕ್ಕದಲ್ಲೇ ಕಾಲುದಾರಿ ಇದೆ, ಇಳಿದು ನಡೆದೇ ದಾಟಬಹುದು. ಎರಡರಲ್ಲಿ ಒಂದೇ ಅಂದರೆ ನಾನು ರಿಚ್‌ಮಂಡ್ ಕವಲನ್ನು ಹೇಳುತ್ತೇನೆ. ಸೇತುವೆಗಿಂತ ಹೆಚ್ಚಾಗಿ, ಇಳಿದ ಮೇಲೆ ಕ್ಯೂ ಸಸ್ಯೋದ್ಯಾನವೂ ರಿಚ್‌ಮಂಡ್‌ನ ನದಿದಂಡೆಯೂ ಕಾಲ್ನಡಿಗೆಯ ದೂರದಲ್ಲೇ ಸಿಗುತ್ತವೆ ಎಂಬ ಕಾರಣಕ್ಕೆ.

ಸೆಂಟ್ರಲ್ ಲೈನ್‌ನ ಎಪ್ಪಿಂಗ್ ತುದಿಯನ್ನು ಬಹಳ ಜನ ಹೊಗಳುತ್ತಾರೆ. ನನಗೆ ಅಷ್ಟು ಮೆಚ್ಚುಗೆಯಿಲ್ಲ. ಎಪ್ಪಿಂಗ್ ಕಾಡು ಎಂಬ ಹೆಸರು ಕೇಳಿ ರೈಲು ಕಾಡಿನೊಳಗೆ ನುಗ್ಗುತ್ತದೆ ಎಂದುಕೊಂಡರೆ ನಿರಾಸೆ ಖಂಡಿತ. ಹಳಿ ಹಾಯುವುದು ಕಾಡಿನ ಅಂಚಿಗಿರುವ ರೋಡಿಂಗ್ ಕಣಿವೆಯಲ್ಲಿ. ಡೆಬ್ಡನ್ ದಾಟಿದ ಮೇಲೆ ಥೇಡನ್ ಬೋಯ್ಸ್ ಮತ್ತು ಎಪ್ಪಿಂಗ್ ನಡುವೆ ಗದ್ದೆಗಳು ಸಿಗುತ್ತವೆ, ಅಷ್ಟರಲ್ಲಿ ಕೊನೆ ನಿಲ್ದಾಣ. ಅದಕ್ಕಾಗಿ ಆಳದ ಕೊಳವೆಯ ಸದ್ದು, ಬೇಸಿಗೆಯಾದರೆ ಸೆಕೆ ಎರಡನ್ನೂ ಸಹಿಸಬೇಕು. ದಶಕಗಳಿಂದ ರೈಲುಗಳ ಬಿಸಿಯನ್ನು ಹೀರಿಕೊಂಡ ಜೇಡಿಮಣ್ಣು ಈಗ ಅದನ್ನು ಹಿಂದಿರುಗಿಸುತ್ತಿದೆ, ಈ ಬೋಗಿಗಳಿಗೆ ಹವಾನಿಯಂತ್ರಣವೂ ಇಲ್ಲ. ಕಾಡಿನಲ್ಲಿ ನಡೆಯುವ ಮನಸ್ಸಿದ್ದರೆ ಲೌಟನ್‌ಗೆ ಹೋಗಿ, ರೈಲಿನ ನೋಟವೇ ಗುರಿಯಾದರೆ ಬೇಡ.

ನಾರ್ದರ್ನ್ ಲೈನ್‌ನಲ್ಲಿ ಫಿಂಚ್‌ಲಿ ಸೆಂಟ್ರಲ್‌ನಿಂದ ಮಿಲ್ ಹಿಲ್ ಈಸ್ಟ್‌ಗೆ ಒಂದೇ ನಿಲ್ದಾಣದ ಒಂಟಿ ಹಳಿ. ನಡುವೆ ಡಾಲಿಸ್ ತೊರೆಯ ಮೇಲೆ 13 ಕಮಾನುಗಳ ಇಟ್ಟಿಗೆ ಸೇತುವೆ, ನೆಲದಿಂದ ಸುಮಾರು 18 ಮೀಟರ್ ಮೇಲೆ. ಟ್ಯೂಬ್ ರೈಲು ನೆಲಮಟ್ಟದಿಂದ ಅತಿ ಎತ್ತರಕ್ಕೆ ಏರುವುದು ಇಲ್ಲೇ. ಸಮುದ್ರಮಟ್ಟದ ಲೆಕ್ಕ ಹಿಡಿದರೆ ಆಮರ್‌ಶಮ್ ಎಲ್ಲಕ್ಕಿಂತ ಮೇಲಿದೆ, ಸುಮಾರು 147 ಮೀಟರ್. ಪಿಕಡಿಲಿ ಲೈನ್‌ನ ಉತ್ತರ ತುದಿಯಲ್ಲೂ ಆರ್ನೋಸ್ ಗ್ರೋವ್ ದಾಟಿದ ಕೂಡಲೇ ಉದ್ಯಾನದ ಮೇಲೆ ಇಂಥದೇ ಕಮಾನು ಸಾಲು ಬರುತ್ತದೆ. ಅಲ್ಲಿ ನೋಟಕ್ಕಿಂತ ನಿಲ್ದಾಣಗಳೇ ಚೆಂದ. ಆರ್ನೋಸ್ ಗ್ರೋವ್, ಸೌತ್‌ಗೇಟ್ ಎರಡೂ 1930ರ ದಶಕದಲ್ಲಿ ಚಾರ್ಲ್ಸ್ ಹೋಲ್ಡನ್ ವಿನ್ಯಾಸ ಮಾಡಿದ ದುಂಡು ಕಟ್ಟಡಗಳು.

ಹೆಸರು ನೋಡಿ ಸರ್ಕಲ್ ಲೈನ್ ಹತ್ತುವವರಿಗೆ ಒಂದು ಮಾತು. 2009ರ ಡಿಸೆಂಬರಿನಿಂದ ಅದು ವೃತ್ತವಲ್ಲ. ಹ್ಯಾಮರ್‌ಸ್ಮಿತ್‌ನಿಂದ ಹೊರಟು ನಗರ ಸುತ್ತಿ ಎಜ್‌ವೇರ್ ರೋಡ್‌ನಲ್ಲಿ ನಿಂತುಬಿಡುತ್ತದೆ. ಸುಮ್ಮನೆ ಕೂತಿದ್ದರೆ ಹತ್ತಿದ ಜಾಗಕ್ಕೆ ತಂತಾನೇ ಬರುವುದಿಲ್ಲ.

ಹಣದ ವಿಷಯದಲ್ಲಿ ಎಡವುವುದು ಇಂಥ ಪ್ರಯಾಣದಲ್ಲೇ ಹೆಚ್ಚು, ಏಕೆಂದರೆ ದರ ಹಾಕುವ ವ್ಯವಸ್ಥೆ ಎಲ್ಲಿಗೋ ಹೋಗುವವರಿಗಾಗಿ ಮಾಡಿದ್ದು, ಸುಮ್ಮನೆ ಸುತ್ತುವವರಿಗಾಗಿ ಅಲ್ಲ. ಒಳಹೋಗುವಾಗ, ಹೊರಬರುವಾಗ ಗೇಟಿನ ಯಂತ್ರಕ್ಕೆ ಕಾರ್ಡ್ ಅಥವಾ ಫೋನ್ ತೋರಿಸಿದರೆ ದರ ತಾನಾಗಿ ಕಡಿತವಾಗುತ್ತದೆ. ಕೊನೆ ನಿಲ್ದಾಣದವರೆಗೆ ಹೋಗಿ, ಗೇಟು ದಾಟದೆ ಅದೇ ರೈಲಿನಲ್ಲಿ ವಾಪಸು ಬಂದು ಹತ್ತಿದ ನಿಲ್ದಾಣದಲ್ಲೇ ಇಳಿದರೆ ಗೇಟಿಗೆ ಅದು ಅರ್ಥವಾಗುವುದಿಲ್ಲ, ಗರಿಷ್ಠ ದರ ಬೀಳಬಹುದು. ಒಂದು ಪ್ರಯಾಣಕ್ಕೆ ಇಷ್ಟು ಹೊತ್ತು ಎಂಬ ಮಿತಿಯೂ ಇದೆ, ಮೀರಿದರೂ ಅದೇ ಪಾಡು. ಹಾಗಾಗಿ ತುದಿಯಲ್ಲಿ ಇಳಿದು ಕಾರ್ಡ್ ತೋರಿಸಿ ಹೊರಬನ್ನಿ, ಊರಲ್ಲಿ ನಾಲ್ಕು ಹೆಜ್ಜೆ ಹಾಕಿ, ಮತ್ತೆ ತೋರಿಸಿ ಒಳಹೋಗಿ. ಹೋಗುವಾಗ ಫೋನ್, ಬರುವಾಗ ಕಾರ್ಡ್ ಎಂದು ಬದಲಿಸಬೇಡಿ. ಖಾತೆ ಒಂದೇ ಆದರೂ ಯಂತ್ರಕ್ಕೆ ಅವು ಇಬ್ಬರು ಬೇರೆ ಬೇರೆ ಪ್ರಯಾಣಿಕರು, ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಕಡಿಯುವುದಿಲ್ಲ ಎಂಬ ಗರಿಷ್ಠ ಮಿತಿಯ ಲಾಭವೂ ತಪ್ಪುತ್ತದೆ. ದರದ ಲೆಕ್ಕಕ್ಕೆ ಜಾಲವನ್ನು ನಗರದ ನಡುವಿನಿಂದ ಹೊರಕ್ಕೆ ವಲಯಗಳಾಗಿ ಹಂಚಿದ್ದಾರೆ, ಚೆಶಮ್, ಆಮರ್‌ಶಮ್ ಇರುವುದು 9ನೇ ವಲಯದಲ್ಲಿ. 1ರಿಂದ 6ನೇ ವಲಯದವರೆಗಿನ ಕಾಗದದ ಪಾಸು ಅಲ್ಲಿ ನಡೆಯುವುದಿಲ್ಲ. ವಾರದ ದಿನಗಳಲ್ಲಿ ಬೆಳಿಗ್ಗೆ 6.30ರಿಂದ 9.30 ಮತ್ತು ಸಂಜೆ 4ರಿಂದ 7ರವರೆಗೆ ದರವೂ ಹೆಚ್ಚು, ಸೀಟೂ ಸಿಗದು. ವಾರಾಂತ್ಯದಲ್ಲಿ ದುರಸ್ತಿಗೆಂದು ಲೈನ್‌ನ ತುಂಡು ತುಂಡುಗಳನ್ನೇ ಮುಚ್ಚುವ ರೂಢಿ ಇದೆ, ಹಿಂದಿನ ರಾತ್ರಿ ಜಾಲತಾಣ ನೋಡಿಕೊಳ್ಳಿ. ಕ್ರಿಸ್‌ಮಸ್ ದಿನ ರೈಲೇ ಇಲ್ಲ. ಫೋಟೊ ತೆಗೆಯಲು ಅಡ್ಡಿಯಿಲ್ಲ, ಫ್ಲ್ಯಾಷ್ ಮಾತ್ರ ಆರಿಸಿಡಿ, ಚಾಲಕರ ಕಣ್ಣಿಗೆ ಹೊಡೆಯುತ್ತದೆ. ಫೋನನ್ನು ಗಾಜಿಗೆ ತಾಗಿಸಿ ಹಿಡಿದರೆ ಒಳಗಿನ ದೀಪದ ಪ್ರತಿಬಿಂಬ ಬೀಳುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಟ್ಯೂಬ್‌ನ ಯಾವ ಲೈನ್‌ನಲ್ಲೂ ಮುಂದಿನ ಗಾಜಿನಿಂದ ಹಳಿಯನ್ನು ನೋಡಲಾಗುವುದಿಲ್ಲ. ಎರಡೂ ತುದಿಯಲ್ಲಿ ಚಾಲಕರ ಕೋಣೆ ಇರುತ್ತದೆ. ಆ ಆಸೆ ಇದ್ದವರು ಲೆಕ್ಕಕ್ಕೆ ಟ್ಯೂಬ್ ಅಲ್ಲದ, ಅದೇ ಕಾರ್ಡಿನಲ್ಲಿ ಹತ್ತಬಹುದಾದ ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆಗೆ ಹೋಗಬೇಕು. 1987ರಲ್ಲಿ ಶುರುವಾದ ಈ ರೈಲಿಗೆ ಮುಂದೆ ಚಾಲಕರ ಕೋಣೆಯಿಲ್ಲ, ಮೊದಲ ಸಾಲಿನ ಸೀಟು ಪ್ರಯಾಣಿಕರದೇ. ಬ್ಯಾಂಕ್ ನಿಲ್ದಾಣದಿಂದ ಲೂಯಿಶಮ್ ಕಡೆಗೆ ಹೋಗುವುದನ್ನು ಹತ್ತಿದರೆ ಕತ್ತಲಿನಿಂದ ಏರಿ ಬಂದು, ಮನೆ ಮಾಡುಗಳ ಎತ್ತರದಲ್ಲಿ ಸಾಗಿ, ಕನೇರಿ ವಾರ್ಫ್‌ನ ಗಾಜಿನ ಗೋಪುರಗಳ ಸಂದಿಯಲ್ಲಿ ತೂರುತ್ತದೆ. ಐಲೆಂಡ್ ಗಾರ್ಡನ್ಸ್‌ನಲ್ಲಿ ಇಳಿದರೆ 1902ರ ಕಾಲುಸುರಂಗದಲ್ಲಿ ಥೇಮ್ಸ್‌ನ ಅಡಿಯಲ್ಲೇ ನಡೆದು ಗ್ರಿನಿಚ್ ಸೇರಬಹುದು. ಇದರ ಬಹುತೇಕ ನಿಲ್ದಾಣಗಳಿಗೆ ಗೇಟೇ ಇಲ್ಲದ ಕಾರಣ ಕಾರ್ಡ್ ತೋರಿಸಲು ಮರೆಯುವುದು ಸುಲಭ, ಕಂಬದ ಮೇಲಿನ ಯಂತ್ರವನ್ನು ಹುಡುಕಿ ತೋರಿಸಿ. ಮುಂದಿನ ಸೀಟಿಗೆ ಪೈಪೋಟಿ ಇದ್ದೇ ಇರುತ್ತದೆ. ರೈಲು ಹೊರಡುವ ಮೊದಲ ನಿಲ್ದಾಣದಲ್ಲೇ, ಪ್ಲಾಟ್‌ಫಾರ್ಮ್‌ನ ಮುಂತುದಿಯಲ್ಲಿ ನಿಂತು ಒಂದು ರೈಲು ಬಿಟ್ಟುಕೊಟ್ಟರೆ ಅದರ ಹಿಂದಿನದರಲ್ಲಿ ಸಿಗುತ್ತದೆ.